ಸೆಳೆತಕ್ಕೆ ಮೂತಿ ಕೊಟ್ಟು ದೋಣಿ ಕಟ್ಟುವುದು: ಅಳಿವೆ ಹೊಳೆಗಳಲ್ಲಿ ನನ್ನ ಅನುಭವ

ಇದು ಐದೂವರೆ ಮೀಟರ್ ಉದ್ದದ ತೆರೆದ ಫೈಬರ್ ದೋಣಿಯ ಲೆಕ್ಕ. ಹಿಂಬದಿಯಲ್ಲಿ 25 ಎಚ್‌ಪಿ ಔಟ್‌ಬೋರ್ಡ್ ಎಂಜಿನ್, ಸ್ಟಿಯರಿಂಗ್ ಇಲ್ಲ, ಕೈಯಲ್ಲಿ ಹಿಡಿದು ತಿರುಗಿಸುವ ಹಿಡಿಕೆ. ಸೀತೆ-ಸ್ವರ್ಣೆಯರು ಸೇರಿ ಕಡಲಿಗಿಳಿಯುವ ಕೋಡಿಬೆಂಗ್ರೆ, ಶಾಂಭವಿ-ನಂದಿನಿಯರ ಮೂಲ್ಕಿ, ಹೊನ್ನಾವರದ ಶರಾವತಿ, ಇಂಥ ಹೊಳೆಗಳಲ್ಲಿ ರಜೆಯ ದಿನ ಸುತ್ತಾಡಲು ಇಷ್ಟು ದೋಣಿ ಧಾರಾಳ. ಮೀನುಗಾರಿಕೆಯ ದೊಡ್ಡ ಬೋಟುಗಳ ಲೆಕ್ಕ ಬೇರೆ, ಕೆರೆ-ಅಣೆಕಟ್ಟಿನ ನಿಂತ ನೀರಿನ ಲೆಕ್ಕವೂ ಬೇರೆ. ಇಲ್ಲಿಯ ನೀರು ದಿನಕ್ಕೆ ನಾಲ್ಕು ಸಲ ದಿಕ್ಕು ಬದಲಿಸುತ್ತದೆ. ದೋಣಿ ನಡೆಸುವುದರ ಮುಕ್ಕಾಲು ಪಾಲು ಆ ನೀರನ್ನು ಲೆಕ್ಕ ಹಾಕುವುದೇ.

ದೋಣಿಗೆ ಬ್ರೇಕ್ ಇಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೆ ಔಟ್‌ಬೋರ್ಡ್ ದೋಣಿಗೆ ನ್ಯೂಟ್ರಲ್‌ನಲ್ಲಿ ಚುಕ್ಕಾಣಿಯೂ ಇಲ್ಲದಂತೆಯೇ ಎಂಬುದನ್ನು ಹೊಸಬರು ದಕ್ಕೆಗೆ, ಅಂದರೆ ದೋಣಿ ಕಟ್ಟುವ ಕಟ್ಟೆಗೆ, ಗುದ್ದಿದ ಮೇಲೆ ಗಮನಿಸುತ್ತಾರೆ. ನೀರಿನೊಳಗಿನ ಫ್ಯಾನ್ (ಪ್ರೊಪೆಲ್ಲರ್) ತಿರುಗುತ್ತಿದ್ದರೆ ಮಾತ್ರ ಹಿಡಿಕೆಗೆ ಅರ್ಥ. ಹಾಗಾಗಿ ದಕ್ಕೆಯ ಹತ್ತಿರ ನಾನು ಆಕ್ಸಿಲರೇಟರ್ ಮುಟ್ಟುವುದೇ ಇಲ್ಲ. ಐಡಲ್‌ನಲ್ಲಿಟ್ಟು ಗೇರ್ ಹಾಕುವುದು, ಒಂದೆರಡು ಸೆಕೆಂಡಿಗೆ ತೆಗೆಯುವುದು, ಮತ್ತೆ ಹಾಕುವುದು. ಪ್ರತಿ ಸಲವೂ ಮೊದಲು ಹಿಡಿಕೆ ತಿರುಗಿಸಬೇಕು, ಆಮೇಲೆ ಗೇರ್. ಇದು ತಿರುವುಮುರುವಾದರೆ ದೋಣಿ ಹಳೆಯ ದಿಕ್ಕಿಗೇ ಒಂದು ತಳ್ಳು ತಿಂದು, ಆಮೇಲೆ ಹೊಸ ದಿಕ್ಕಿಗೆ ಹೊರಳುತ್ತದೆ. ಜೆಟ್ಟಿಗೆ ತಿಕ್ಕಿ ಮಗ್ಗುಲಿನ ಜೆಲ್‌ಕೋಟ್ ಎಂಬ ಹೊರಪದರ ಕಿತ್ತ ದೋಣಿಗಳಲ್ಲಿ ಬಹುಪಾಲು ಆ ಒಂದು ತಳ್ಳಿನವು.

ಇನ್ನೊಂದು ವಿಷಯ, ದೋಣಿ ಕಾರಿನಂತೆ ಮುಂದಿನಿಂದ ತಿರುಗುವುದಿಲ್ಲ. ಮುಂದಕ್ಕೆ ಹೋಗುವಾಗ ಅದು ತಿರುಗುವ ಬಿಂದು ಮೂತಿಯಿಂದ ಸುಮಾರು ಮೂರನೇ ಒಂದು ಭಾಗ ಹಿಂದಿರುತ್ತದೆ. ಮೂತಿ ಒಂದಡಿ ಬಲಕ್ಕೆ ಹೋದರೆ ಹಿಂಬದಿ ಎರಡಡಿ ಎಡಕ್ಕೆ ಬೀಸುತ್ತದೆ. ದಕ್ಕೆಗೆ ತಾಗಿ ನಿಂತ ದೋಣಿಯನ್ನು ಹಿಡಿಕೆ ಪೂರ್ತಿ ತಿರುಗಿಸಿ ಮುಂದಕ್ಕೆ ಬಿಟ್ಟರೆ ಮೂತಿ ಹೊರಗೆ ಬರುತ್ತದೆ ನಿಜ, ಆದರೆ ಎಂಜಿನ್ ಇರುವ ಹಿಂಬದಿ ಕಂಬಕ್ಕೆ ಹೋಗಿ ಬಡಿಯುತ್ತದೆ.

ದಕ್ಕೆಗೆ ಬರುವ ಮುಂಚೆ ನೀರು ಯಾವ ಕಡೆಗೆ, ಎಷ್ಟು ಜೋರಾಗಿ ಹರಿಯುತ್ತಿದೆ ಎಂದು ನೋಡಬೇಕು. ಉಬ್ಬರ-ಇಳಿತದ ಪಟ್ಟಿ ನೋಡಿ ಊಹಿಸಿದರೆ ಸಾಲದು. ಪಟ್ಟಿ ಹೇಳುವುದು ನೀರಿನ ಮಟ್ಟವನ್ನು, ಹರಿವನ್ನಲ್ಲ. ಅದೂ ಬಂದರಿನದು. ಹೊಳೆಯೊಳಗೆ ಮೂರ್ನಾಲ್ಕು ಕಿಲೋಮೀಟರ್ ಬಂದರೆ ಎಲ್ಲವೂ ತಡ. ದಕ್ಕೆಯ ಕಂಬದಲ್ಲಿ ನೀರು ಏರತೊಡಗಿದ ಮೇಲೂ ನಡುಹೊಳೆ ಕಡಲ ಕಡೆಗೇ ಹರಿಯುತ್ತಿರುವುದುಂಟು. ಶರಾವತಿಯಲ್ಲಂತೂ ಗೇರುಸೊಪ್ಪದ ವಿದ್ಯುದಾಗಾರದಿಂದ ಬಿಟ್ಟ ನೀರೂ ಸೇರಿ ಇಳಿತಕ್ಕೆ ಬೇಸಿಗೆಯಲ್ಲೂ ಬಲ ಬರುತ್ತದೆ. ಆದ್ದರಿಂದ ಕಣ್ಣಿಗೆ ಕಾಣುವುದನ್ನು ನಂಬುವುದು ಮೇಲು. ಮೂತಿಯಿಂದ ಕಟ್ಟಿ ಬಿಟ್ಟ ದೋಣಿಗಳು ಯಾವ ಕಡೆ ಮುಖ ಮಾಡಿವೆ? ಕಂಬದ ಯಾವ ಮಗ್ಗುಲಲ್ಲಿ ನೀರು ಉಬ್ಬಿದೆ, ಯಾವ ಮಗ್ಗುಲಲ್ಲಿ ಸುಳಿ ಬಿದ್ದಿದೆ? ತೇಲಿ ಬರುವ ತೆಂಗಿನ ಗರಿ ಎಷ್ಟು ಬೇಗ ದಾಟುತ್ತದೆ? ಗಂಟೆಗೆ 3 ಕಿ.ಮೀ. ಸೆಳೆತ ಎಂದರೆ ನಿಮಿಷಕ್ಕೆ 50 ಮೀಟರ್. ನಡೆಯುವವರ ವೇಗಕ್ಕಿಂತ ಕಡಿಮೆ, ಆದರೆ ಏಳೆಂಟು ನೂರು ಕಿಲೋ ತೂಗುವ ದೋಣಿ ಆ ವೇಗದಲ್ಲಿ ಬಂದರೆ ಕಾಲು ಚಾಚಿ ತಡೆಯಲು ಆಗುವುದಿಲ್ಲ. ತಡೆಯಲು ಹೋದ ಕಾಲು ಮುರಿಯುತ್ತದೆ. ದೋಣಿ ಹತ್ತಿದ ಕೂಡಲೇ ಎಲ್ಲರಿಗೂ ಹೇಳಬೇಕಾದ ಮೊದಲ ಮಾತೂ ಇದೇ: ದಕ್ಕೆ ಹತ್ತಿರ ಬಂದಾಗ ಕೈಕಾಲು ಒಳಗಿರಲಿ.

ಸೆಳೆತಕ್ಕೂ ಗಾಳಿಗೂ ದಿಕ್ಕು ಬೇರೆ ಬೇರೆಯಾದರೆ ಯಾವುದು ಬಲವಾಗಿದೆಯೋ ಅದಕ್ಕೆ ಮೂತಿ ಕೊಡಬೇಕು. ತಿಳಿಯದಿದ್ದರೆ ದಕ್ಕೆಯಿಂದ ಮೂವತ್ತು-ನಲವತ್ತು ಮೀಟರ್ ದೂರದಲ್ಲಿ ನ್ಯೂಟ್ರಲ್‌ಗೆ ಹಾಕಿ ಅರ್ಧ ನಿಮಿಷ ಸುಮ್ಮನಿರಿ. ದೋಣಿ ಯಾವ ಕಡೆಗೆ ತೇಲುತ್ತದೋ ಅದೇ ಉತ್ತರ. ನಮ್ಮ ಹೊಳೆಗಳಲ್ಲಿ ಸಾಮಾನ್ಯವಾಗಿ ಬೆಳಿಗ್ಗೆ ಸೆಳೆತದ ಮಾತು ನಡೆಯುತ್ತದೆ, ಮಧ್ಯಾಹ್ನದ ಮೇಲೆ ಕಡಲ ಗಾಳಿಯೂ ಜೊತೆಗೆ ಸೇರಿಕೊಳ್ಳುತ್ತದೆ.

ಇನ್ನು ಕಟ್ಟುವ ಕ್ರಮ. ಟೈರೋ ಗುದ್ದು ತಾಳುವ ಫೆಂಡರೋ, ದಕ್ಕೆಯ ಮಗ್ಗುಲಿಗೆ ಮೂರು ಇಳಿಬಿಟ್ಟಿರಬೇಕು. ಹಗ್ಗಗಳು ಮೊದಲೇ ದೋಣಿಯ ಕ್ಲೀಟಿಗೆ (ಹಗ್ಗ ಸುತ್ತುವ ಕೊಂಬಿಗೆ) ಕಟ್ಟಿ, ಸುತ್ತು ಬಿಡಿಸಿ ಕೈಗೆ ಸಿಗುವಂತಿರಬೇಕು. ಸೆಳೆತಕ್ಕೆ ಎದುರಾಗಿ, ದಕ್ಕೆಗೆ ಸಮಾನಾಂತರವಾಗಿ ಎರಡು ದೋಣಿಯಗಲ ದೂರದಲ್ಲಿ ಬರುತ್ತೇನೆ. ಅಲ್ಲಿ ಗೇರ್ ಹಾಕುತ್ತ ತೆಗೆಯುತ್ತ ಸೆಳೆತದಷ್ಟೇ ವೇಗ ಇಟ್ಟುಕೊಂಡರೆ ದೋಣಿ ನೀರಿನಲ್ಲಿ ಚಲಿಸುತ್ತಿದ್ದರೂ ದಡಕ್ಕೆ ಹೋಲಿಸಿದರೆ ನಿಂತೇ ಇರುತ್ತದೆ. ಈಗ ಮೂತಿಯನ್ನು ದಕ್ಕೆಯ ಕಡೆಗೆ ಹತ್ತು-ಹದಿನೈದು ಡಿಗ್ರಿ ಮಾತ್ರ ವಾಲಿಸಿದರೆ ಸೆಳೆತವೇ ಹೊರಮಗ್ಗುಲಿಗೆ ಬಡಿದು ಇಡೀ ದೋಣಿಯನ್ನು ಪಕ್ಕಕ್ಕೆ ಜಾರಿಸುತ್ತದೆ. ಎಂಜಿನ್ ತಡೆದು ನಿಲ್ಲಿಸುವ ಕೆಲಸ ಮಾಡಿದರೆ ಸಾಕು, ತಳ್ಳುವ ಕೆಲಸ ಹೊಳೆಯದು. ಕೋನ ಹೆಚ್ಚಾದರೆ ಸೆಳೆತ ಮೂತಿಯನ್ನೇ ಎತ್ತಿ ದಕ್ಕೆಗೆ ಹೊಡೆಯುತ್ತದೆ. ಕಡಿಮೆಯಾದರೆ ದೋಣಿ ಅಲ್ಲೇ ನಿಲ್ಲುತ್ತದೆ, ತೊಂದರೆಯಿಲ್ಲ, ಇನ್ನೊಂದಿಷ್ಟು ವಾಲಿಸಬಹುದು. ಇದನ್ನು ಕೈಗೆ ಹಿಡಿಸಿಕೊಳ್ಳಲು ಹೊಳೆಯ ನಡುವೆ ಲಂಗರು ಹಾಕಿದ ಒಂದು ಕ್ಯಾನ್ ತೇಲಿಬಿಟ್ಟು, ಅದನ್ನೇ ದಕ್ಕೆ ಎಂದುಕೊಂಡು ಇಪ್ಪತ್ತು ಸಲ ಅಭ್ಯಾಸ ಮಾಡುವುದು ಒಳ್ಳೆಯದು. ಕ್ಯಾನಿಗೆ ಗುದ್ದಿದರೆ ಯಾರಿಗೂ ನಷ್ಟವಿಲ್ಲ.

ಸೆಳೆತ ಇಲ್ಲದ ಹೊತ್ತಿನಲ್ಲಿ ಲೆಕ್ಕ ಸ್ವಲ್ಪ ಬೇರೆ. ಇಪ್ಪತ್ತರಿಂದ ಮೂವತ್ತು ಡಿಗ್ರಿ ಕೋನದಲ್ಲಿ ಬಂದು, ಎರಡು ಮೂರು ದೋಣಿಯುದ್ದ ದೂರದಲ್ಲಿ ನ್ಯೂಟ್ರಲ್. ಮೂತಿ ದಕ್ಕೆಗೆ ಒಂದು ಮೀಟರ್ ಇದ್ದಾಗ ಹಿಡಿಕೆಯನ್ನು ದಕ್ಕೆಯಿಂದ ಆಚೆಗೆ ಪೂರ್ತಿ ಒತ್ತಿ, ರಿವರ್ಸ್ ಎರಡು ಸೆಕೆಂಡು. ಹಿಡಿಕೆ ಒತ್ತಿದ್ದಕ್ಕೆ ಎದುರು ದಿಕ್ಕಿಗೆ ಫ್ಯಾನ್ ಹೊರಳುತ್ತದೆ. ರಿವರ್ಸ್‌ನಲ್ಲಿ ಫ್ಯಾನ್ ಯಾವ ಕಡೆಗೆ ಮುಖ ಮಾಡಿದೆಯೋ ಹಿಂಬದಿ ಆ ಕಡೆಗೇ ಹೋಗುತ್ತದೆ ಎಂಬುದನ್ನು ನೆನಪಿಟ್ಟರೆ ಹಿಡಿಕೆ ಎತ್ತ ಎಂಬ ಗೊಂದಲ ಬರುವುದಿಲ್ಲ. ದೋಣಿ ನಿಲ್ಲುವುದೂ ಹಿಂಬದಿ ಒಳಗೆ ಬರುವುದೂ ಒಟ್ಟಿಗೇ ಆಗುತ್ತದೆ. ಸಾಮಾನ್ಯ ಔಟ್‌ಬೋರ್ಡಿನ ಫ್ಯಾನ್ ಹಿಂದಿನಿಂದ ನೋಡಿದರೆ ಗಡಿಯಾರದಂತೆ ತಿರುಗುವುದರಿಂದ ರಿವರ್ಸ್‌ನಲ್ಲಿ ಹಿಂಬದಿ ತುಸು ಎಡಕ್ಕೇ ಎಳೆಯುತ್ತದೆ. ಹಾಗಾಗಿ ಆಯ್ಕೆ ಇದ್ದರೆ ಎಡಮಗ್ಗುಲನ್ನು ದಕ್ಕೆಗೆ ಕೊಡುವುದು ಸುಲಭ. ಗಾಳಿ ದಕ್ಕೆಯ ಕಡೆಗೇ ಬೀಸುತ್ತಿದ್ದರೆ ಕೋನವೇ ಬೇಡ, ಒಂದು ದೋಣಿಯಗಲ ದೂರದಲ್ಲಿ ಸಮಾನಾಂತರ ನಿಲ್ಲಿಸಿದರೆ ಗಾಳಿಯೇ ತಂದು ಒರಗಿಸುತ್ತದೆ. ದಕ್ಕೆಯಿಂದ ಹೊರಕ್ಕೆ ಬೀಸುತ್ತಿದ್ದರೆ ನಲವತ್ತೈದು ಡಿಗ್ರಿ ಹತ್ತಿರ ಬಂದು ಮೊದಲು ಮೂತಿಯ ಹಗ್ಗ ಕಟ್ಟಿಸಬೇಕು. ಈ ಹೊತ್ತಿನಲ್ಲಿ ಯಾರೂ ಹಗ್ಗ ಹಿಡಿದು ದಕ್ಕೆಗೆ ಹಾರಬಾರದು. ಪಾಚಿ ಕಟ್ಟಿದ ಮೆಟ್ಟಿಲಿನ ಮೇಲೆ ಜಾರಿದರೆ ಬೀಳುವುದು ದೋಣಿಗೂ ದಕ್ಕೆಗೂ ನಡುವೆ.

ತಪ್ಪಿತು ಅನ್ನಿಸಿದ ತಕ್ಷಣ ಬಿಟ್ಟು ಹೊರಗೆ ಹೋಗಿ ಮತ್ತೊಮ್ಮೆ ಬರುವುದಕ್ಕೆ ನಾಚಿಕೆ ಪಡಬೇಕಿಲ್ಲ. ದಕ್ಕೆಯ ಮೇಲೆ ಕೂತು ನೋಡುವವರು ನಗುತ್ತಾರೆ, ನಗಲಿ.

ಹಗ್ಗದ ವಿಷಯದಲ್ಲಿ ಜಿಪುಣತನ ಬೇಡ. ಮೂರೆಳೆಯ ನೈಲಾನ್, 10 ಮಿ.ಮೀ. ಬಲಕ್ಕೆ ಸಾಕು, 12 ಮಿ.ಮೀ. ಆದರೆ ಕೈಗೆ ಹಿಡಿತ ಚೆನ್ನಾಗಿ ಸಿಗುತ್ತದೆ. ನೈಲಾನ್ ಹಿಗ್ಗಿ ಎಳೆತವನ್ನು ತಾಳಿಕೊಳ್ಳುತ್ತದೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಹಸಿರು-ಹಳದಿ ಪ್ಲಾಸ್ಟಿಕ್ ಹಗ್ಗ ತೇಲುತ್ತದೆ, ಬಿಸಿಲಿಗೆ ಎಳೆ ಎದ್ದು ಕೈ ಚುಚ್ಚುತ್ತದೆ, ಗಂಟು ಜಾರುತ್ತದೆ. ಎಸೆಯುವ ಹಗ್ಗಕ್ಕೆ, ಅಂದರೆ ನೀರಿಗೆ ಬಿದ್ದವರಿಗೆ ಎಸೆಯಲು, ಅದೇ ಸರಿ, ಕಟ್ಟುವುದಕ್ಕಲ್ಲ. ಮೂತಿಗೊಂದು, ಹಿಂಬದಿಗೊಂದು, ಜೊತೆಗೆ ಮೂತಿಯಿಂದ ಹಿಂದಕ್ಕೆ ಓರೆಯಾಗಿ ಹೋಗುವ ಹಗ್ಗ ಒಂದು, ಹಿಂಬದಿಯಿಂದ ಮುಂದಕ್ಕೆ ಹೋಗುವುದು ಇನ್ನೊಂದು. ಈ ಎರಡು ಓರೆ ಹಗ್ಗಗಳೇ ದೋಣಿ ಹಿಂದೆ ಮುಂದೆ ಜಗ್ಗದಂತೆ ಹಿಡಿಯುವುದು.

ಉಬ್ಬರ-ಇಳಿತ ಇರುವಲ್ಲಿ ಹಗ್ಗವನ್ನು ದೋಣಿಯಿಂದ ನೇರ ಅಡ್ಡಕ್ಕೆ ಬಿಗಿಯಾಗಿ ಕಟ್ಟಿ ಮನೆಗೆ ಹೋದರೆ ಬೆಳಿಗ್ಗೆ ದೋಣಿ ಹಗ್ಗಕ್ಕೆ ನೇತಾಡುತ್ತಿರುತ್ತದೆ, ಇಲ್ಲವೇ ಕ್ಲೀಟ್ ಕಿತ್ತಿರುತ್ತದೆ. ಹುಣ್ಣಿಮೆ-ಅಮಾವಾಸ್ಯೆಯ ಆಸುಪಾಸು ಮಲ್ಪೆ-ಮಂಗಳೂರು ಕಡೆ ನೀರು ಸುಮಾರು ಒಂದೂವರೆ ಮೀಟರ್‌ವರೆಗೆ ಏರಿಳಿಯುತ್ತದೆ, ಕಾರವಾರದತ್ತ ಹೋದಷ್ಟೂ ಹೆಚ್ಚು. ಅಷ್ಟಮಿ-ನವಮಿಯ ಹೊತ್ತಿಗೆ ಕಡಿಮೆ. ಹಗ್ಗವನ್ನು ಒಂದು ಮೀಟರ್ ದೂರದ ಕಂಬಕ್ಕೆ ಕಟ್ಟಿದಿರಿ ಎನ್ನಿ. ನೀರು ಒಂದು ಮೀಟರ್ ಇಳಿದರೆ ಹಗ್ಗಕ್ಕೆ 41 ಸೆಂ.ಮೀ. ಸಡಿಲ ಬೇಕು. ಅದೇ ಹಗ್ಗ ನಾಲ್ಕು ಮೀಟರ್ ಆಚೆಯ ಕಂಬಕ್ಕೆ ಹೋಗಿದ್ದರೆ ಬೇಕಾಗುವ ಸಡಿಲ 12 ಸೆಂ.ಮೀ. ಮಾತ್ರ. ಅದನ್ನು ನೈಲಾನಿನ ಹಿಗ್ಗುವಿಕೆ ಮತ್ತು ಒಂದಿಷ್ಟು ಬಿಟ್ಟ ಸಡಿಲ ಸೇರಿ ನೋಡಿಕೊಳ್ಳುತ್ತವೆ. ದೂರದ ಕಂಬ ಹುಡುಕುವುದಕ್ಕೆ ಇಷ್ಟೇ ಕಾರಣ. ಕ್ಲೀಟಿಗೆ ಒಂದು ಪೂರ್ತಿ ಸುತ್ತು, ಒಂದು ಎಂಟರ ಆಕಾರ, ಮೇಲೆ ಒಂದು ಮಡಚು ಹಾಕಿದರೆ ಸಾಕು. ಅದರ ಮೇಲೆ ಏಳು ಸುತ್ತು ಸುತ್ತಿದರೆ ಬಿಚ್ಚಬೇಕಾದ ಗಳಿಗೆಯಲ್ಲಿ ಬಿಚ್ಚಲಾಗುವುದಿಲ್ಲ.

ಹೊರಡುವಾಗ ಗಾಳಿ ದೋಣಿಯನ್ನು ದಕ್ಕೆಗೆ ಒತ್ತಿ ಹಿಡಿದಿದ್ದರೆ ಕೈಯಿಂದ ತಳ್ಳುವುದು ವ್ಯರ್ಥ. ಮೂತಿಯ ಓರೆ ಹಗ್ಗ ಒಂದನ್ನು ಬಿಟ್ಟು ಉಳಿದದ್ದು ಬಿಚ್ಚಿ. ಆ ಹಗ್ಗವನ್ನು ಕಂಬಕ್ಕೆ ಗಂಟು ಹಾಕದೆ ಸುತ್ತಿಸಿ, ಎರಡೂ ತುದಿ ದೋಣಿಯಲ್ಲೇ ಇಟ್ಟುಕೊಳ್ಳಬೇಕು. ಮೂತಿಯಲ್ಲಿ ದಪ್ಪ ಫೆಂಡರ್. ಹಿಡಿಕೆ ದಕ್ಕೆಯಿಂದ ಆಚೆಗೆ, ಮುಂದಿನ ಗೇರ್, ಐಡಲ್. ಹಗ್ಗ ಮುಂದಕ್ಕೆ ಬಿಡುವುದಿಲ್ಲ, ಹಾಗಾಗಿ ಹಿಂಬದಿ ಬಾಗಿಲು ತೆರೆದಂತೆ ಹೊರಗೆ ಬರುತ್ತದೆ. ನಲವತ್ತೈದು ಡಿಗ್ರಿ ದಾಟಿದ ಮೇಲೆ ನ್ಯೂಟ್ರಲ್, ಹಿಡಿಕೆ ನೇರ, ರಿವರ್ಸ್, ಹಗ್ಗದ ಒಂದು ತುದಿ ಬಿಟ್ಟು ಇನ್ನೊಂದನ್ನು ಸರಸರ ಎಳೆದುಕೊಳ್ಳುವುದು. ತುದಿಯಲ್ಲಿ ಗಂಟಿದ್ದರೆ ಅದು ಕಂಬಕ್ಕೆ ಸಿಕ್ಕಿ ಕೆಲಸ ಕೆಡುತ್ತದೆ. ಹಗ್ಗ ನೀರಿಗೆ ಬಿದ್ದರೆ ಫ್ಯಾನಿಗೆ ಸುತ್ತುತ್ತದೆ.

ಇಕ್ಕಟ್ಟಿನಲ್ಲಿ ದೋಣಿ ಹಿಂತಿರುಗಿಸಲು ಬಲಕ್ಕೆ ತಿರುಗುವುದು ಒಳ್ಳೆಯದು, ರಿವರ್ಸ್‌ನ ಎಡ ಎಳೆತ ಸಹಾಯಕ್ಕೆ ಬರುತ್ತದೆ. ಹಿಡಿಕೆ ಪೂರ್ತಿ ಎಡಕ್ಕೆ, ಮುಂದೆ ಎರಡು ಸೆಕೆಂಡು, ನ್ಯೂಟ್ರಲ್, ಹಿಡಿಕೆ ಪೂರ್ತಿ ಬಲಕ್ಕೆ, ರಿವರ್ಸ್ ಎರಡು ಸೆಕೆಂಡು, ನಾಲ್ಕೈದು ಸಲ ಹೀಗೇ. ತಿರುಗಿ ಮುಗಿಯಲು ನಲವತ್ತು ಸೆಕೆಂಡು ಹಿಡಿದರೆ, ಮೇಲೆ ಹೇಳಿದ ಸೆಳೆತದಲ್ಲಿ ಅಷ್ಟರೊಳಗೆ ದೋಣಿ ಮೂವತ್ತು ಮೀಟರ್ ಕೆಳಗೆ ಹೋಗಿರುತ್ತದೆ. ಹಾಗಾಗಿ ಸೇತುವೆಯ ಕಂಬಗಳ ಮೇಲ್ಗಡೆ ನೂರು ಮೀಟರ್ ಒಳಗೆ ತಿರುಗಿಸುವ ಯೋಚನೆಯೇ ಬೇಡ. ಅಡ್ಡಬಿದ್ದು ಕಂಬಕ್ಕೆ ಒರಗಿದರೆ ಎಲ್ಲರೂ ಹೆದರಿ ಕಂಬದಿಂದ ದೂರ ಸರಿಯುತ್ತಾರೆ, ಅದೇ ದೋಣಿ ಮಗುಚಿಸುತ್ತದೆ. ಭಾರ ಕಂಬದ ಕಡೆಗೇ ಹೋಗಬೇಕು. ಆಗ ಸೆಳೆತ ಬರುವ ಕಡೆಯ ಅಂಚು ಮೇಲೆದ್ದು ನೀರು ಒಳಗೆ ನುಗ್ಗುವುದಿಲ್ಲ.

ಲಂಗರಿಗೆ ಬರೋಣ. ನಾಲ್ಕು ಕೊಕ್ಕೆಯ ಲಂಗರು ಅಗ್ಗ, ಮಡಚಿಡಲು ಸುಲಭ, ಬಂಡೆಯಿದ್ದಲ್ಲಿ ಹಿಡಿಯುತ್ತದೆ. ನಮ್ಮ ಅಳಿವೆಗಳ ಮರಳು-ಕೆಸರಿನಲ್ಲಿ ಅದು ಗೆರೆ ಎಳೆಯುತ್ತ ಹೋಗುತ್ತದೆ ಅಷ್ಟೆ. ಎರಡು ಅಗಲ ರೆಕ್ಕೆಯ ಡ್ಯಾನ್‌ಫೋರ್ತ್ ಮಾದರಿಯದು ನಾಲ್ಕೈದು ಕಿಲೋ, ಅದಕ್ಕೆ ನಾಲ್ಕು ಮೀಟರ್ ಜಿಂಕ್ ಲೇಪದ ಸರಪಳಿ, ಮುಂದೆ 40 ಮೀಟರ್ ನೈಲಾನ್. ಸರಪಳಿ ಲಂಗರಿನ ಕಾಂಡವನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ, ಎಳೆತ ಅಡ್ಡಡ್ಡ ಬಂದರೆ ಮಾತ್ರ ರೆಕ್ಕೆ ಹೂತುಕೊಳ್ಳುವುದು. ಹಗ್ಗ ಎಷ್ಟು ಬಿಡಬೇಕು ಎಂಬುದರಲ್ಲಿ ಎಲ್ಲರೂ ಮರೆಯುವುದು ಎರಡನ್ನು: ಮೂತಿಯ ಎತ್ತರ ಮತ್ತು ಇನ್ನೂ ಏರಲಿರುವ ನೀರು. ಆಳ 2.5 ಮೀಟರ್, ಮೂತಿ ನೀರಿನಿಂದ 0.7, ಏರಲಿರುವುದು 1.2, ಒಟ್ಟು 4.4. ಊಟಕ್ಕೆ ನಿಲ್ಲಿಸುವುದಾದರೆ ಅದರ ಐದು ಪಟ್ಟು, 22 ಮೀಟರ್. ಗಾಳಿ ಇದ್ದರೆ ಅಥವಾ ರಾತ್ರಿಗೆ ಏಳು ಪಟ್ಟು, 31 ಮೀಟರ್. ಬರೀ ಎರಡೂವರೆಯ ಐದು ಪಟ್ಟು ಎಂದು ಹನ್ನೆರಡೂವರೆ ಮೀಟರ್ ಬಿಟ್ಟವರು ಉಬ್ಬರ ತುಂಬಿದಾಗ ಮೂರು ಪಟ್ಟಿಗೂ ಕಡಿಮೆ ಹಗ್ಗದಲ್ಲಿ ನಿಂತಿರುತ್ತಾರೆ, ಲಂಗರು ಎದ್ದು ಬರುತ್ತದೆ.

ಹಾಕುವ ಮೊದಲು ಹಗ್ಗದ ಕೊನೆ ದೋಣಿಗೆ ಕಟ್ಟಿದೆಯೇ ನೋಡಿ. ಎಸೆಯಬಾರದು, ಇಳಿಸಬೇಕು, ಎಸೆದರೆ ಸರಪಳಿ ಲಂಗರಿಗೇ ಸುತ್ತಿಕೊಳ್ಳುತ್ತದೆ. ದೋಣಿ ಹಿಂದಕ್ಕೆ ತೇಲುತ್ತಿದ್ದಂತೆ ಹಗ್ಗ ಬಿಡುತ್ತ, ಕೊನೆಗೆ ಕ್ಲೀಟಿಗೆ ಹಾಕಿ ರಿವರ್ಸ್‌ನಲ್ಲಿ ಐಡಲ್ ಎಳೆತ. ಹಗ್ಗಕ್ಕೆ ಕೈಯಿಟ್ಟರೆ ಗರಗರ ನಡುಕ ತಿಳಿದರೆ ಲಂಗರು ಜಾರುತ್ತಿದೆ, ಬಿಗಿಯಾಗಿ ಸುಮ್ಮನಿದ್ದರೆ ಹಿಡಿದಿದೆ. ಆಮೇಲೆ ದಡದ ಒಂದು ತೆಂಗಿನ ಮರ, ಅದರ ಹಿಂದಿನ ಮನೆಯ ಮೂಲೆ, ಹೀಗೆ ಎರಡು ಗುರುತು ಒಂದೇ ಗೆರೆಗೆ ಬರುವಂತೆ ನೋಡಿಟ್ಟುಕೊಳ್ಳಿ. ಗೆರೆ ಮುರಿದರೆ ದೋಣಿ ಸರಿದಿದೆ. ಎಷ್ಟೇ ಕಷ್ಟವಾದರೂ ಲಂಗರು ಹಿಂಬದಿಯಿಂದ ಹಾಕಬಾರದು. ಎಂಜಿನ್ ಭಾರ, ತಗ್ಗಿದ ಅಂಚು, ಎದುರು ಸೆಳೆತ ಮೂರೂ ಸೇರಿದರೆ ಕೆಲವೇ ಅಲೆಗೆ ದೋಣಿ ತುಂಬಿಬಿಡುತ್ತದೆ.

ಮರಳು ದಿಬ್ಬ ಹತ್ತುವುದು ಇಲ್ಲಿ ಹೊಸ ವಿಷಯವಲ್ಲ. ತಿರುವಿನ ಹೊರಮಗ್ಗುಲು ಆಳ, ಒಳಮಗ್ಗುಲು ಮರಳು ಎಂಬುದು ಮೊದಲ ಲೆಕ್ಕ, ಆದರೆ ಮರಳು ತೆಗೆದಲ್ಲಿ ಅದೂ ಸುಳ್ಳಾಗುತ್ತದೆ. ಮೂರು ಮೀಟರಿನ ಬಿದಿರ ಗಳಕ್ಕೆ ಅರ್ಧರ್ಧ ಮೀಟರಿಗೆ ಬಣ್ಣದ ಪಟ್ಟಿ ಬಳಿದು ಮೂತಿಯಲ್ಲಿ ಕೂತವರ ಕೈಗೆ ಕೊಟ್ಟರೆ ಯಾವ ಯಂತ್ರವೂ ಬೇಡ. ಗೊತ್ತಿಲ್ಲದ ಕವಲಿಗೆ ಉಬ್ಬರ ಏರುವಾಗಲೇ ಹೋಗುವುದು ಒಳ್ಳೆಯದು, ತಾಗಿದರೂ ನೀರೇ ಎತ್ತಿ ಬಿಡಿಸುತ್ತದೆ. ಇಳಿತದಲ್ಲಿ ತಾಗಿದರೆ ಚರ್ಚೆ ಬೇಡ. ಒಟ್ಟು 1.2 ಮೀಟರ್ ಇಳಿತವಾದರೆ ನಡುವಿನ ಎರಡು ಗಂಟೆಗಳಲ್ಲಿ ಗಂಟೆಗೆ ಸುಮಾರು 30 ಸೆಂ.ಮೀ. ಹೋಗುತ್ತದೆ, ಅಂದರೆ ಹತ್ತು ನಿಮಿಷಕ್ಕೆ 5 ಸೆಂ.ಮೀ. ಎಂಜಿನ್ ಆಫ್, ಮೇಲಕ್ಕೆ ಎತ್ತು, ಇಬ್ಬರು ಇಳಿದು ಬಂದ ದಾರಿಗೇ ತಳ್ಳು. ರಿವರ್ಸ್‌ನಲ್ಲಿ ರೇಸ್ ಮಾಡಿದರೆ ಮರಳು ತಂಪುನೀರಿನ ದಾರಿಗೆ ನುಗ್ಗಿ ಪಂಪಿನ ಇಂಪೆಲ್ಲರ್ ಸವೆಯುತ್ತದೆ, ಆಮೇಲೆ ಎಂಜಿನ್ ಕಾದು ನಿಲ್ಲುತ್ತದೆ. ಎಂಜಿನ್ ಹಿಂದೆ ತಂಪುನೀರಿನ ಸಣ್ಣ ಧಾರೆ ಬೀಳುತ್ತಿದೆಯೇ ಎಂದು ಆಗಾಗ ತಿರುಗಿ ನೋಡುವ ಅಭ್ಯಾಸವಿರಲಿ. ಅದು ನಿಂತರೆ ಹತ್ತರಲ್ಲಿ ಎಂಟು ಸಲ ನೀರಿನ ದಾರಿಗೆ ಅಡ್ಡ ಸಿಕ್ಕಿದ ಪ್ಲಾಸ್ಟಿಕ್ ಚೀಲವೇ ಕಾರಣ.

ಬಲೆ ಇನ್ನೊಂದು ತೊಡಕು. ನೀರಿನಲ್ಲಿ ಇಳಿಬಿಟ್ಟಿರುವ ಕಂತಬಲೆಯ ಗುರುತು ಕೆಲವೊಮ್ಮೆ ಖಾಲಿ ನೀರಿನ ಬಾಟಲಿ, ಕೆಲವೊಮ್ಮೆ ಥರ್ಮಾಕೋಲ್ ತುಂಡು. ಒಂದು ಕಂಡರೆ ಇನ್ನೊಂದು ತುದಿ ಎಲ್ಲಿ ಎಂದು ಹುಡುಕಿ ಸುತ್ತು ಹಾಕಿ ಹೋಗಬೇಕು. ಮೂಲ್ಕಿಯಲ್ಲಿ ಪಚ್ಚಿಲೆ (ತಿನ್ನುವ ಚಿಪ್ಪುಜೀವಿ) ಬೆಳೆಸುವ ಕಂಬಗಳೂ ಇರುತ್ತವೆ, ಉಬ್ಬರದಲ್ಲಿ ತುದಿ ಮಾತ್ರ ಕಾಣುತ್ತದೆ. ಹತ್ತಿರ ದೋಣಿಯಿದ್ದರೆ ವೇಗ ತಗ್ಗಿಸಿ "ಅಣ್ಣಾ, ಬಲೆ ಎಲ್ಲಿವರೆಗೆ ಉಂಟು?" ಎಂದು ಕೇಳಿದರೆ ಕೈ ತೋರಿಸಿ ಹೇಳುತ್ತಾರೆ. ಅವರ ಹೊಟ್ಟೆಪಾಡಿನ ಮೇಲೆ ನಮ್ಮ ಮೋಜಿನ ಫ್ಯಾನ್ ಹಾಯಿಸುವ ಹಕ್ಕು ನಮಗಿಲ್ಲ. ಸುತ್ತಿಕೊಂಡೇಬಿಟ್ಟರೆ ಎಂಜಿನ್ ನಿಲ್ಲಿಸಿ, ಕಿಲ್ ಸ್ವಿಚ್ಚಿನ (ಕಿತ್ತರೆ ಎಂಜಿನ್ ಬಂದ್ ಆಗುವ) ದಾರ ಕಿತ್ತು, ನ್ಯೂಟ್ರಲ್‌ನಲ್ಲಿ ಎತ್ತಿ, ಫ್ಯಾನನ್ನು ಕೈಯಿಂದ ಹಿಂದುಮುಂದಾಗಿ ತಿರುಗಿಸಿ ಬಿಡಿಸುವುದು. ಚಾಕು ಕೊನೆಗೆ.

ಆ ಕಿಲ್ ಸ್ವಿಚ್ಚಿನ ದಾರ ಕಾಲಿಗೋ ಸೊಂಟಕ್ಕೋ ಇರಲೇಬೇಕು. ನಡೆಸುವವರು ಬಿದ್ದರೆ, ಹಿಡಿಕೆ ಬಿಟ್ಟ ದೋಣಿ ಬಿಗಿ ಸುತ್ತು ಹಾಕುತ್ತ ಅವರ ಮೇಲೆಯೇ ಬರುತ್ತದೆ. ಬೇರೆಯವರು ಬಿದ್ದರೆ ಕೂಡಲೇ ನ್ಯೂಟ್ರಲ್, ಮೂತಿಯನ್ನು ಅವರು ಬಿದ್ದ ಕಡೆಗೇ ತಿರುಗಿಸಿದರೆ ಫ್ಯಾನ್ ಇರುವ ಹಿಂಬದಿ ದೂರ ಸರಿಯುತ್ತದೆ. ಒಬ್ಬರು ಬೆರಳು ತೋರಿಸುತ್ತಲೇ ಇರಲಿ, ಕಣ್ಣು ತೆಗೆಯುವುದು ಬೇಡ. ಕೆಳಗಿನಿಂದ, ಸೆಳೆತಕ್ಕೆ ಎದುರಾಗಿ ಬಂದು, ಕೈಗೆ ಸಿಕ್ಕಿದ ಕೂಡಲೇ ಎಂಜಿನ್ ಆಫ್. ನ್ಯೂಟ್ರಲ್ ಸಾಲದು.

ಅಳಿವೆ ಬಾಗಿಲು ದಾಟುವ ಬಗ್ಗೆ ನನ್ನ ಅಭಿಪ್ರಾಯ ಸರಳ: ಈ ಗಾತ್ರದ ದೋಣಿಯಲ್ಲಿ ಮೋಜಿಗಾಗಿ ದಾಟಬೇಕಿಲ್ಲ. ಹೊನ್ನಾವರದಂಥ ಹೂಳು ತುಂಬಿದ ಅಳಿವೆಯಲ್ಲಿ ಹುಟ್ಟಿ ಬೆಳೆದ ಮೀನುಗಾರರ ಬೋಟೂ ಮಗುಚಿದೆ. ಅಲೆಯ ಎತ್ತರ ನೀರಿನ ಆಳದ ಸುಮಾರು ಮುಕ್ಕಾಲು ಭಾಗ ದಾಟಿದರೆ ಒಡೆಯುತ್ತದೆ. ಒಂದು ಮೀಟರ್ ಅಲೆ 1.3 ಮೀಟರ್ ಆಳದ ದಿಬ್ಬದ ಮೇಲೆ ಮುರಿದು ಬೀಳುತ್ತದೆ. ಹೊಳೆಯ ಇಳಿತ ಆ ಅಲೆಗೆ ಎದುರಾದರೆ ಅದು ಇನ್ನೂ ಕಡಿದಾಗಿ ನಿಲ್ಲುತ್ತದೆ. ದಾಟಲೇಬೇಕಾದರೆ ಉಬ್ಬರದ ಕೊನೆಯ ಗಂಟೆಯಲ್ಲಿ, ಒಳಗೆ ನಿಂತು ಹತ್ತು ಹದಿನೈದು ನಿಮಿಷ ಅಲೆಗಳ ಗುಂಪನ್ನು ನೋಡಿ, ಸ್ಥಳೀಯ ಬೋಟಿನ ಹಿಂದೆಯೇ ಹೋಗುವುದು. ಹೊರಗೆ ಹೋಗುವಾಗ ಅಲೆಯ ನೆತ್ತಿಗೆ ಬಂದೊಡನೆ ಆಕ್ಸಿಲರೇಟರ್ ತಗ್ಗಿಸಬೇಕು, ಇಲ್ಲವಾದರೆ ಹಾರಿ ಬೀಳುತ್ತದೆ. ಒಳಗೆ ಬರುವಾಗ ಒಂದು ಅಲೆಯ ಬೆನ್ನ ಮೇಲೆ ಕೂತು ಅದರ ವೇಗದಲ್ಲೇ ಬರಬೇಕು. ನೆತ್ತಿ ದಾಟಿ ಮುಂದಕ್ಕೆ ಇಳಿದರೆ ಮೂತಿ ನೀರಿಗೆ ಹೂತು, ಹಿಂಬದಿ ಎದ್ದು ಫ್ಯಾನ್ ಗಾಳಿಯಲ್ಲಿ ತಿರುಗುತ್ತದೆ, ದೋಣಿ ಅಡ್ಡಬೀಳುತ್ತದೆ. ಮುಂದಿನ ಅಲೆ ಉಳಿದದ್ದನ್ನು ಮಾಡುತ್ತದೆ.

ಗಾಳಿಯಿಲ್ಲದ ಏಪ್ರಿಲ್-ಮೇ ದಿನಗಳಲ್ಲೂ ಒಮ್ಮೊಮ್ಮೆ ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಹುಟ್ಟಿದ ಉದ್ದಲೆಗಳು ಬಂದು ಅಳಿವೆಯಲ್ಲಿ ಏಳುತ್ತವೆ. ಕೇರಳದವರು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಇದಕ್ಕೆ ಮುನ್ನೆಚ್ಚರಿಕೆ ಕೊಡುತ್ತದೆ, ಹೊರಡುವ ಮುಂಚೆ ಅದನ್ನು ನೋಡುವುದು ಎರಡು ನಿಮಿಷದ ಕೆಲಸ. ಕರಾವಳಿ ಕಾವಲು ಪಡೆಯ 1554 ಸಂಖ್ಯೆ ಫೋನಿನಲ್ಲಿರಲಿ, ಫೋನ್ ನೀರು ಹೋಗದ ಚೀಲದಲ್ಲಿರಲಿ. ಪೆಟ್ರೋಲ್ ಹೋಗಲು ಮೂರನೇ ಒಂದು, ಬರಲು ಮೂರನೇ ಒಂದು, ಉಳಿದದ್ದು ಮುಟ್ಟಬಾರದ್ದು.

ದಾರಿಯ ನಿಯಮ ಚಿಕ್ಕದು. ಕಾಲುವೆಯಲ್ಲಿ ಬಲಮಗ್ಗುಲು ಹಿಡಿಯುವುದು. ಎದುರಾದರೆ ಇಬ್ಬರೂ ಬಲಕ್ಕೆ, ರಸ್ತೆಯ ಅಭ್ಯಾಸದಲ್ಲಿ ಎಡಕ್ಕೆ ಹೊರಳಿಸುವವರೇ ಹೆಚ್ಚು. ಬಲಗಡೆಯಿಂದ ಅಡ್ಡ ಬರುವವರಿಗೆ ದಾರಿ ಬಿಡುವುದು. ಕಡಲಿನಿಂದ ಒಳಗೆ ಬರುವಾಗ ಕೆಂಪು ಬೋಯ (ದಾರಿ ತೋರುವ ತೇಲುಗುರುತು) ಎಡಕ್ಕೆ, ಹಸಿರು ಬಲಕ್ಕೆ.

ಮರಳಿ ಬಂದ ಮೇಲೆ ಹತ್ತು ನಿಮಿಷ ಸಿಹಿನೀರಿನಲ್ಲಿ ಎಂಜಿನ್ ಓಡಿಸಿ ಉಪ್ಪು ತೊಳೆಯಬೇಕು. ಇಳಿತದಲ್ಲಿ ಕೆಸರಿಗೆ ಕೂರುವ ಜಾಗದಲ್ಲಿ ಕಟ್ಟಿದ್ದರೆ ಎಂಜಿನ್ ಎತ್ತಿ ಲಾಕ್ ಮಾಡಿ. ತಳದ ಬಿರಡೆ ತೆಗೆದು ನೀರು ಬಸಿಯುವುದಿದ್ದರೆ ದೋಣಿ ದಡದ ಮೇಲಿರುವಾಗ ಮಾತ್ರ. ತೆಗೆದ ಬಿರಡೆಯನ್ನು ಎಂಜಿನ್ನಿನ ಹಿಡಿಕೆಗೇ ದಾರದಿಂದ ಕಟ್ಟಿಡಿ. ಅದು ಕಣ್ಣಿಗೆ ಬೀಳದೆ ಮುಂದಿನ ಸಲ ಎಂಜಿನ್ ಸ್ಟಾರ್ಟ್ ಮಾಡಲು ಆಗುವುದಿಲ್ಲ.